ಬೀಜದ ಬಂಡಿ, ಕೇರಿಯ ಕ್ಯಾಮೆರಾ

ಈಚೆಗೆ ನಮ್ಮಲ್ಲೊಂದು ಹೊಸ ಶೋಕಿ ಶುರುವಾಗಿದೆ. ಪಟ್ಟಣದ ಉಳ್ಳವರು ರಜೆಯಲ್ಲಿ ಹಳ್ಳಿಗೆ ಹೋಗಿ ಸಾವಯವ ಬೇಸಾಯ 'ಕಲಿತು' ಬರುತ್ತಾರೆ. ಕೆಸರಿಗಿಳಿದು ನಾಲ್ಕು ಪೈರು ನೆಟ್ಟು, ಮುದ್ದೆ ಉಂಡು, ಫೋಟೋ ಹಿಡಿಸಿಕೊಂಡು ವಾಪಸ್ಸು. ಆ ಗದ್ದೆ ಯಾರದು, ಅದರಲ್ಲಿ ದಿನಾ ಬಗ್ಗುವವರು ಯಾರು, ಅವರ ಕೂಲಿ ಎಷ್ಟು ಅಂತ ಕೇಳಿ ನೋಡಿ, ಗೊತ್ತಿರುವುದಿಲ್ಲ. ನಮ್ಮ ಪ್ರವಾಸ ಸಾಹಿತ್ಯದ ಹಣೆಬರಹವೂ ಹೆಚ್ಚುಕಡಿಮೆ ಇದೇ. ನೋಡುವವರು ಅವರು, ನೋಡಿಸಿಕೊಳ್ಳುವವರು ನಾವು.

ಬೀದರಿನ ಪಕ್ಕದ ಜಹೀರಾಬಾದಿನ ಹೆಂಗಸರು ಇದನ್ನು ತಿರುಗುಮುರುಗು ಮಾಡಿದ್ದಾರೆ. ಅವರ ತಿರುಗಾಟ, ಅದರಿಂದ ಹುಟ್ಟಿದ ಚಿತ್ರಗಳು ನಮ್ಮ ವಿಮರ್ಶಕರ ಕಣ್ಣಿಗೆ ಬಿದ್ದಂತಿಲ್ಲ. ಅಂದು ಆಂಧ್ರದ ಮೇದಕ್ ಜಿಲ್ಲೆಯಾಗಿದ್ದು ಈಗ ತೆಲಂಗಾಣದ ಸಂಗಾರೆಡ್ಡಿಯಾಗಿರುವ ಈ ಸೀಮೆಯಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಕಟ್ಟಿದವರಲ್ಲೊಬ್ಬರು 2023ರಲ್ಲಿ ತೀರಿಕೊಂಡ ಮೈಸೂರಿನ ಪಿ. ವಿ. ಸತೀಶ್. ಅದರ ಆಸರೆಯಲ್ಲಿ ಬೆಳೆದ ಸಂಘಗಳಲ್ಲಿ ಬಹುಪಾಲು ದಲಿತ ಹೆಂಗಸರು. ಕಲ್ಲುನೆಲದ ತುಂಡು ಇದ್ದವರು, ಕೂಲಿಯವರು. ಒಂದು ಸೇರು ಬೀಜ ಒಯ್ದವಳು ಸುಗ್ಗಿಯಾದ ಮೇಲೆ ಎರಡು ಸೇರು ಅಳೆದರಾಯಿತು, ದುಡ್ಡಿನ ಮಾತಿಲ್ಲ. ಸಂಕ್ರಾಂತಿ ಬಂತೆಂದರೆ ಎತ್ತಿನ ಬಂಡಿ ಸಿಂಗರಿಸಿ, ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿಯ ಬೀಜಗಳನ್ನು ಬುಟ್ಟಿಗಳಲ್ಲಿಟ್ಟು ತಿಂಗಳುಗಟ್ಟಲೆ ಊರೂರು ತಿರುಗುವ ಜಾತ್ರೆ ಇವರದು. ಯಾವ ಮಣ್ಣಿಗೆ ಯಾವ ಕಾಳು, ಯಾವುದು ಮಳೆ ತಪ್ಪಿದರೂ ಕೈಬಿಡದು ಎಂಬುದೇ ಅಲ್ಲಿಯ ಪಾಠ.

ಇನ್ನು ಚಿತ್ರ. 2002ರಲ್ಲಿ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. 450 ಗ್ರಾಂ ಪೊಟ್ಟಣಕ್ಕೆ ಸುಮಾರು 1600 ರೂಪಾಯಿ. ಅದೂ ಹೈಬ್ರಿಡ್, ಮರುವರ್ಷ ಮತ್ತೆ ಅಂಗಡಿಗೇ ಹೋಗಬೇಕು. ಈ ಸಂಘದ ಹೆಂಗಸರು ಕ್ಯಾಮೆರಾ ಹೊತ್ತು ವಾರಂಗಲ್ಲಿಗೆ ಹೋದರು. ಹಂಗಾಮಿನುದ್ದಕ್ಕೂ ಮತ್ತೆ ಮತ್ತೆ ಹೋದರು. 'ವಾರಂಗಲ್ಲಿನ ರೈತರಿಗೆ ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟು' ಎಂಬರ್ಥದ ಹೆಸರಿನ ಅವರ ಚಿತ್ರ 2003ರಲ್ಲಿ ಬಂತು. ಮೊದಲಲ್ಲಿ ಆಸೆಯಿಂದ ಮಾತಾಡಿದ ರೈತನೇ ಕೊನೆಗೆ ಸಿಟ್ಟಾಗುತ್ತಾನೆ. ಈ ಬದಲಾವಣೆ ಹಿಡಿಯಬೇಕಾದರೆ ಒಂದೇ ಹೊಲಕ್ಕೆ ತಿರುತಿರುಗಿ ಹೋಗಬೇಕು. ಒಂದು ಭಾನುವಾರದ ಪ್ರವಾಸಿಗೆ ಸಿಗುವ ಸರಕಲ್ಲ ಅದು. ಕಳೆ ಕಿತ್ತ ಕೈಯೇ ಕ್ಯಾಮೆರಾ ಹಿಡಿದಾಗ ಪ್ರಶ್ನೆಯೂ ಬೇರೆಯಾಗುತ್ತದೆ: ಬೀಜಕ್ಕೆಷ್ಟು, ಔಷಧಿಗೆಷ್ಟು, ಸಾಲ ಎಷ್ಟಾಯ್ತಪ್ಪಾ? ಮುಂದೆ 2007ರ ಇವರ ಇನ್ನೊಂದು ಚಿತ್ರ ಮಾಲಿ, ದಕ್ಷಿಣ ಆಫ್ರಿಕಾ, ಇಂಡೋನೇಷ್ಯಾದ ಹತ್ತಿ ಬೆಳೆಗಾರರವರೆಗೂ ಹೋಯಿತು. ಊರ ಹೊರಗೆ ನಿಲ್ಲಿಸಲ್ಪಟ್ಟವರು ಲೋಕದ ಹೊಲಗಳನ್ನು ಪ್ರಶ್ನಿಸಿದ ಕತೆ ಇದು. ಇದನ್ನು ಬರೀ 'ಪರಿಸರ ಸಾಕ್ಷ್ಯಚಿತ್ರ' ಅಂತ ಕಪಾಟಿಗೆ ಸೇರಿಸುವುದು ಅನ್ಯಾಯ.

ಇಷ್ಟಾದರೂ ನಮ್ಮ ತಕರಾರುಗಳಿವೆ. ಇವರನ್ನು ಹೊಗಳಲು ಬರುವ ಪಟ್ಟಣದವರು 'ಪರಂಪರೆಗೆ ಮರಳಿ' ಅನ್ನುತ್ತಾರೆ. ಯಾವ ಪರಂಪರೆ, ಸ್ವಾಮಿ? ಬೀಜ ಕಾಪಾಡಿದ ಅಜ್ಜಿಯದೂ ಪರಂಪರೆ, ಅವಳ ಮಗನನ್ನು ಜೀತಕ್ಕಿಟ್ಟುಕೊಂಡ ಗೌಡನದೂ ಪರಂಪರೆ. ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟರೆ ನಾವು ಹೊರುವುದಿಲ್ಲ. ಬಂಡಿಯ ಹೆಂಗಸರು ಗಂಟು ಬಿಚ್ಚಿ ಬೀಜವನ್ನಷ್ಟೇ ಆರಿಸಿಕೊಂಡಿದ್ದಾರೆ. ಹೊಗಳುವವರಿಗೆ ಇದು ಕಾಣುವುದಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂದಿತು. ನವಣೆ ಅನ್ನ ಉಂಡದ್ದಕ್ಕೆ ಬಡವರೆಂದು ಮೂಗು ಮುರಿದವರೇ ಈಗ ಅದನ್ನು ಚಂದದ ಪೊಟ್ಟಣದಲ್ಲಿ ಕೊಳ್ಳುತ್ತಿದ್ದಾರೆ. ಬೆಳೆದವಳಿಗೆ ಅದರಲ್ಲಿ ಎಷ್ಟು?

ಚಿತ್ರದ ಮೇಲೂ ಒಂದು ಮಾತಿದೆ. ಹೆಸರಿನಲ್ಲೇ ರೈತ ಇದ್ದಾನೆ. ಬೆಳೆ ಕೆಟ್ಟರೆ ಹೊಲದವನಿಗೆ ಸಾಲ, ಹತ್ತಿ ಬಿಡಿಸುವ ಕೂಲಿಯವಳಿಗೆ ಕೆಲಸವೇ ಇಲ್ಲ. ಅವಳ ಸಿಟ್ಟಿನ ಹೆಸರಲ್ಲೂ ಇಂಥದೊಂದು ಚಿತ್ರ ಬರಬೇಕು. ರಾಯಚೂರಿನಲ್ಲೂ ಹತ್ತಿ ಹೊಲಗಳಿವೆ, ಹತ್ತಿ ಬಿಡಿಸುವವರಿದ್ದಾರೆ. ಜಹೀರಾಬಾದಿಗೆ ದಾರಿ ಅಲ್ಲಿಂದ ಬಹಳ ದೂರವೇನಿಲ್ಲ.