ವೀಣೆ ಎಂದರೆ ಯಾವ ವೀಣೆ?

ಸಮುದ್ರಗುಪ್ತನ ಚಿನ್ನದ ನಾಣ್ಯಗಳಲ್ಲಿ ಒಂದು ಬಗೆಯದು ಎಲ್ಲರಿಗೂ ಪರಿಚಿತ. ದೊರೆ ಪೀಠದ ಮೇಲೆ ಕಾಲು ಮಡಿಚಿ ಕುಳಿತು ವಾದ್ಯ ನುಡಿಸುತ್ತಿದ್ದಾನೆ. ಪಠ್ಯಪುಸ್ತಕಗಳಲ್ಲಿ ಅದರ ಕೆಳಗೆ 'ವೀಣೆ ನುಡಿಸುತ್ತಿರುವ ಸಮುದ್ರಗುಪ್ತ' ಎಂದಿರುತ್ತದೆ. ಮಾತು ಸುಳ್ಳಲ್ಲ. ಆದರೆ ತೊಡೆಯ ಮೇಲಿರುವುದು ಕ್ಯಾಲೆಂಡರಿನ ಸರಸ್ವತಿಯ ವೀಣೆಯಲ್ಲ. ದೋಣಿಯಂಥ ಒಡಲು, ಅದರ ತುದಿಯಿಂದ ಬಿಲ್ಲಿನಂತೆ ಬಾಗಿ ಮೇಲೆದ್ದ ಕೊರಳು, ಎರಡರ ನಡುವೆ ಬಿಗಿದ ತಂತಿಗಳು. ಪಾಶ್ಚಾತ್ಯರು ಹಾರ್ಪ್ ಎನ್ನುವ ಕುಲದ ವಾದ್ಯ ಅದು. ಭಾರ್ಹುತ್, ಸಾಂಚಿ, ಅಮರಾವತಿಯ ಶಿಲ್ಪಗಳಲ್ಲಿರುವುದೂ ಇದೇ.

ನಮ್ಮಲ್ಲಿ ಸಂಗೀತದ ಚರಿತ್ರೆ ಬರೆಯುವ ಹಲವರು ಇಲ್ಲಿ ಜಾರಿಕೊಳ್ಳುತ್ತಾರೆ. ವೇದಕಾಲದಿಂದ ಮೈಸೂರು ಅರಮನೆಯವರೆಗೆ ಒಂದೇ ವೀಣೆ ಹರಿದು ಬಂದಂತೆ ಬರೆಯುತ್ತಾರೆ. ಹರಿದು ಬಂದದ್ದು ಹೆಸರು, ವಸ್ತು ಬೇರೆಯಾಯಿತು. ಆನಂದ ಕುಮಾರಸ್ವಾಮಿಯವರು 1930ರಷ್ಟು ಹಿಂದೆಯೇ ಹಳೆಯ ಗ್ರಂಥಗಳಲ್ಲಿ ಬರುವ ವೀಣೆಯ ಅಂಗಗಳನ್ನು ಶಿಲ್ಪಗಳೊಂದಿಗೆ ಹೋಲಿಸಿ ಇದನ್ನು ತೋರಿಸಿಕೊಟ್ಟಿದ್ದರು. ಪಾಲಿಯ 'ಮಿಲಿಂದಪಞ್ಹ' ವೀಣೆಯ ಭಾಗಗಳನ್ನು ಎಣಿಸುವಾಗ ಚರ್ಮವನ್ನೂ ಹೇಳುತ್ತದೆ. ಇಂದಿನ ವೀಣೆಯಲ್ಲಿ ಚರ್ಮವೆಲ್ಲಿದೆ? ಹಲಸಿನ ಮರದ ಕೊಡ, ಮೇಣದಲ್ಲಿ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲು—ಇದು ಹದಿನೇಳನೆಯ ಶತಮಾನದ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ನೆಲೆಗೊಂಡ ರೂಪವೆಂಬುದು ಪ್ರತೀತಿ. ಗುತ್ತಿಲ ಜಾತಕದ ವೈಣಿಕ ಸ್ಪರ್ಧೆಯಲ್ಲಿ ಏಳು ತಂತಿಗಳನ್ನು ಒಂದೊಂದಾಗಿ ಕಡಿಯುತ್ತ ಹೋಗುತ್ತಾನೆ. ತಂತಿಗೊಂದೇ ಸ್ವರವಿರುವ ವಾದ್ಯವನ್ನು ಕಣ್ಣ ಮುಂದಿಟ್ಟುಕೊಂಡು ಓದಿದರೆ ಮಾತ್ರ ಆ ಪವಾಡದ ಬಿಗಿ ತಿಳಿಯುತ್ತದೆ.

ಈ ವಾದ್ಯವನ್ನು ಮಾಡುವ ಬಗೆ ತಿಳಿಯಲು ಬರ್ಮಾಕ್ಕೆ ಹೋಗಬೇಕು. ಭಾರತದಿಂದ ಹೋಯಿತೆಂದು ವಿದ್ವಾಂಸರು ಬಹುಪಾಲು ಒಪ್ಪುವ ಆ ವಾದ್ಯ ಅಲ್ಲಿ 'ಸೌಂಗ್' ಆಗಿ ಇನ್ನೂ ಬದುಕಿದೆ. ಕೊರಳಿಗೆ ಕಾಚಿನ ಮರದ ಬೇರೇ ಬೇಕು, ಅದೂ ನೆಲದೊಳಗೆ ತಾನಾಗಿ ಬಾಗಿ ಬೆಳೆದದ್ದು. ಒಡಲಿಗೆ ಜಿಂಕೆಯ ಚರ್ಮ. ರೇಷ್ಮೆ ಎಳೆಯ ತಂತಿಗಳನ್ನು ಕೊರಳಿಗೆ ಸುತ್ತಿದ ಕೆಂಪು ಹತ್ತಿಯ ದಾರಗಳಿಂದ ಬಿಗಿಯುತ್ತಿದ್ದರು. ಈಗ ತಂತಿ ನೈಲಾನು, ಬಿರಡೆಗಳೂ ಬಂದಿವೆ.

ತಮಿಳುನಾಡಿನಲ್ಲಿ ಇದರ ಹೆಸರು ಯಾಳ್. 'ಶಿಲಪ್ಪದಿಕಾರಂ'ನಲ್ಲಿ ಕೋವಲನೂ ಮಾಧವಿಯೂ ಕಡಲ ದಂಡೆಯಲ್ಲಿ ಕೈ ಬದಲಿಸಿ ನುಡಿಸಿದ್ದು ಯಾಳನ್ನು. ಅದನ್ನು 'ವೀಣೆ' ಎಂದು ಕನ್ನಡಿಸಿದರೆ ಓದು ಸಲೀಸಾಗುತ್ತದೆ, ವಾದ್ಯ ಮಾತ್ರ ಇನ್ನೊಮ್ಮೆ ಕಳೆದುಹೋಗುತ್ತದೆ. ಸ್ವಾಮಿ ವಿಪುಲಾನಂದರು ವರ್ಷಗಟ್ಟಲೆ ದುಡಿದು 1947ರಲ್ಲಿ 'ಯಾಳ್ ನೂಲ್' ಹೊರತಂದದ್ದು ಇಂಥ ನಷ್ಟವನ್ನು ತುಂಬಲೆಂದೇ.

ಯಾಳ್ ಏಕೆ ಹೋಯಿತು? ಗಮಕ ಹೆಚ್ಚಿದಂತೆ ಬಿಡಿತಂತಿಯ ವಾದ್ಯ ಸೋತಿತು ಎನ್ನುವುದು ಶಾಸ್ತ್ರಜ್ಞರ ಉತ್ತರ. ಇದಕ್ಕೆ 'ಪೆರಿಯ ಪುರಾಣ'ದ ಒಂದು ಕಥೆ ಒತ್ತಾಸೆಯಾಗಿದೆ. ಸಂಬಂಧರ್ ಹಾಡಿದ ಪದವೊಂದು ಯಾಳಿನಲ್ಲಿ ಹಿಡಿಯಲಾಗದೆ, ಜೊತೆಗಾರ ತಿರುನೀಲಕಂಠ ಯಾಳ್‌ಪಾಣರ್ ವಾದ್ಯವನ್ನೇ ಮುರಿಯಹೊರಟರಂತೆ, ಸಂಬಂಧರೇ ತಡೆದರಂತೆ. ನನಗೆ ಈ ಉತ್ತರ ಅರ್ಧ ಮಾತ್ರ ಒಪ್ಪಿಗೆ. ಅದೇ ಪುರಾಣದ ಇನ್ನೆರಡು ಪ್ರಸಂಗಗಳನ್ನು ಪಕ್ಕದಲ್ಲಿಟ್ಟು ನೋಡಿ. ಬ್ರಾಹ್ಮಣನಾದ ತಿರುನೀಲನಕ್ಕರ್ ಮನೆಯಲ್ಲಿ ಈ ಪಾಣರಿಗೂ ಅವರ ಹೆಂಡತಿಗೂ ಅಗ್ನಿವೇದಿಕೆಯ ಬಳಿ ಮಲಗಲು ಜಾಗ ಸಿಕ್ಕಿತು. ಬೆಂಕಿ ಬಲಕ್ಕೆ ಸುಳಿದು ಉರಿಯಿತು ಎಂದು ಪವಾಡ ಹೇಳಬೇಕಾಗಿ ಬಂದದ್ದೇ ಆ ಜಾಗ ಅವರದಲ್ಲ ಎಂಬ ಕಾರಣಕ್ಕೆ. ಮಧುರೆಯಲ್ಲಿ, ನೆಲದ ಶೀತ ತಾಗಿದರೆ ತಂತಿಯ ಬಿಗಿ ಸಡಿಲುತ್ತದೆ, ಹೊನ್ನಿನ ಹಲಗೆ ಹಾಕಿ ಎಂದು ಶಿವನೇ ಹೇಳಬೇಕಾಯಿತು.

ಚರ್ಮ ಹೊದ್ದ ವಾದ್ಯದ ಕಷ್ಟ ಬಲ್ಲವನ ಮಾತು ಅದು. ಒಂದು ಕಾಲಕ್ಕೆ ಅರಸರು ಆನೆ, ಹೊನ್ನ ತಾವರೆ ಕೊಟ್ಟು ಕಳಿಸುತ್ತಿದ್ದ ಪಾಣರು ಕ್ರಮೇಣ ಅಂಚಿಗೆ ಸರಿದರು. ಕೈಗೂ ಮರಕ್ಕೂ ಇದ್ದ ನಂಟು ಅವರೊಂದಿಗೇ ಕಡಿಯಿತು. ಸಂಗೀತ ಬರ್ಮಾದಲ್ಲೂ ಬದಲಾಗಿದೆ. ಅಲ್ಲಿ ಆಸ್ಥಾನ ವಾದ್ಯವನ್ನು ಬಿಟ್ಟುಕೊಡಲಿಲ್ಲ; ತಂತಿಗಳನ್ನು ಹೆಚ್ಚಿಸಿಕೊಂಡರು, ಈಗ ಹದಿನಾರು. ಹಾಗಾಗಿ ಗಮಕದ ಮೇಲೇ ಎಲ್ಲ ಹೊರೆ ಹೊರಿಸುವುದು ಸರಿಯೆನಿಸದು.

ಭಾರತದಲ್ಲಿ ಅದು ಪೂರ್ತಿ ಅಳಿಯಿತೆನ್ನುವುದೂ ಅವಸರದ ಮಾತೇ. ಮಧ್ಯಪ್ರದೇಶದ ಮಂಡ್ಲಾ ಸೀಮೆಯಲ್ಲಿ, ಗೊಂಡರಿಗೆ ಕಥೆ ಹಾಡುವ ಪರ್ಧಾನರ ಕೈಯಲ್ಲಿ ಐದು ತಂತಿಯ ಬಾಗಿದ ವಾದ್ಯವೊಂದನ್ನು ಸಂಗೀತ ವಿದ್ವಾಂಸರು 1980ರ ದಶಕದಲ್ಲಿ ಗುರುತಿಸಿ ಧ್ವನಿಮುದ್ರಿಸಿದರು. ಪರ್ಧಾನರು ಅದನ್ನು ಕರೆಯುವುದು ಬೀನ್ ಬಾಜಾ ಎಂದು.