‘ಭೂಕೇಂದ್ರ’ ಶಬ್ದದ ಅರ್ಥವೂ ಪ್ರಯೋಗವೂ

‘ಭೂಕೇಂದ್ರ ಸಿದ್ಧಾಂತ’ವೆಂಬ ಮಾತು ನಮ್ಮ ತರಗತಿಗಳಲ್ಲಿ ಬಹುಮಟ್ಟಿಗೆ ನಿಂದಾವಾಚಕವಾಗಿಯೇ ಬಳಕೆಯಲ್ಲಿದೆ. ಟಾಲಮಿಯ ಮತವೂ ನಮ್ಮ ಸಿದ್ಧಾಂತಗ್ರಂಥಗಳ ಮತವೂ ಈ ಒಂದೇ ಹೆಸರಿನೊಳಗೆ ಸೇರಿ, 1543ರಲ್ಲಿ ಕೊಪರ್ನಿಕಸನ ಗ್ರಂಥ ಹೊರಬಂದೊಡನೆ ಬೆಲೆಗೆಟ್ಟ ಸರಕಾಗಿ ವಿದ್ಯಾರ್ಥಿಗಳಿಗೆ ತೋರುತ್ತವೆ. ಒಂದು ಪದವು ಇಷ್ಟೆಲ್ಲವನ್ನೂ ಹೊರಬಲ್ಲುದೆ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಮೊದಲನೆಯ ತೊಡಕು ‘ಕೇಂದ್ರ’ ಶಬ್ದದಲ್ಲಿಯೇ ಇದೆ. ಗ್ರೀಕಿನಿಂದ ಬಂದ ಈ ಶಬ್ದಕ್ಕೆ ಸೂರ್ಯಸಿದ್ಧಾಂತದ ಸ್ಪಷ್ಟಾಧಿಕಾರದಲ್ಲಿ ವೃತ್ತದ ನಡುವೆಂಬ ಅರ್ಥವಿಲ್ಲ. ಗ್ರಹಕ್ಕೂ ಅದರ ಉಚ್ಚಕ್ಕೂ ಇರುವ ಕೋನಾಂತರವೇ ಅಲ್ಲಿ ಕೇಂದ್ರ. ಮಂದಕೇಂದ್ರ, ಶೀಘ್ರಕೇಂದ್ರಗಳೆಂಬುವು ಇಂಥವು. ಜಾತಕದ ಕೇಂದ್ರಸ್ಥಾನಗಳ ಮಾತು ಬೇರೆಯೇ. ಇನ್ನು ಭಾಸ್ಕರಾಚಾರ್ಯನನ್ನು ನೋಡೋಣ (ಆತನ ವಿಜ್ಜಡವಿಡವು ವಿಜಾಪುರವೇ ಎಂಬ ವಾದ ಇಲ್ಲಿ ಬೇಡ). 1150ರ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಆತನು ನಕ್ಷತ್ರವಲಯದ ಮಧ್ಯವು ಭೂಮಿಯ ಮಧ್ಯದಲ್ಲಿದೆಯೆಂದೂ, ಗ್ರಹವು ಚಲಿಸುವ ವೃತ್ತದ ಮಧ್ಯವು ಅಲ್ಲಿಲ್ಲವೆಂದೂ ಸ್ಪಷ್ಟವಾಗಿ ಹೇಳುತ್ತಾನೆ. ಗ್ರಹಕ್ಕೆ ಫಲಸಂಸ್ಕಾರ ಬೇಕಾಗುವುದು ಈ ಕಾರಣದಿಂದಲೇ. ಅಕ್ಷರಾರ್ಥದಲ್ಲಿ ನೋಡಿದರೆ ಆ ಪ್ರತಿವೃತ್ತವು ಭೂಕೇಂದ್ರವಲ್ಲ. 499ರ ಕಾಲದ ಆರ್ಯಭಟನಾದರೋ ಭೂಮಿಯನ್ನು ನಡುವೆಯೇ ಇರಿಸಿ, ಅದು ತನ್ನ ಸುತ್ತ ತಿರುಗುತ್ತದೆಂದನು. ನಡುವಿರುವುದೂ ನಿಶ್ಚಲವಾಗಿರುವುದೂ ಒಂದೇ ಅಲ್ಲ.

ಇದಕ್ಕೆ ಎದುರಾದ ಅತಿರೇಕವೂ ಉಂಟು. ಆರ್ಯಭಟನು ಒಂದು ಮಹಾಯುಗಕ್ಕೆ ಹೇಳುವ ಬುಧಶೀಘ್ರೋಚ್ಚದ 1,79,37,020 ಭಗಣಗಳಿಂದ 87.97 ದಿನಗಳ ಅವಧಿ ದೊರೆಯುತ್ತದೆ. ಬುಧನು ಸೂರ್ಯನನ್ನು ಸುತ್ತುವ ಕಾಲವೂ ಅಷ್ಟೇ. ಇಷ್ಟನ್ನೇ ಹಿಡಿದು ಆತನನ್ನು ಸೂರ್ಯಕೇಂದ್ರವಾದಿಯೆಂದು ಸಾರುವವರ ಉತ್ಸಾಹವನ್ನು ನಾವು ಒಪ್ಪಲಾರೆವು. ಸಂಖ್ಯೆ ಕೂಡಿಬಂದ ಮಾತ್ರಕ್ಕೆ ಭೂಮಿಯು ತನ್ನ ಸ್ಥಾನವನ್ನು ಸೂರ್ಯನಿಗೆ ಬಿಟ್ಟುಕೊಟ್ಟಂತಾಗದು.

ಮತವಾಗಿ ಬಿದ್ದುಹೋದ ಭೂಕೇಂದ್ರವು ಗಣನೆಯ ಮೂಲವಾಗಿ ಇಂದಿಗೂ ನಿಂತಿದೆ. ಪಂಚಾಂಗದ ಚಂದ್ರಸ್ಫುಟವು ಭೂಗರ್ಭದಿಂದ ಎಣಿಸಿದ್ದು. ಕಮಲಾಪುರದ ನೋಟಕನು ನಿಂತಿರುವುದೋ ಭೂಪೃಷ್ಠದ ಮೇಲೆ. ಈ ಅಂತರವೇ ಲಂಬನ. ಚಂದ್ರನಿಗೆ ಅದು ಸುಮಾರು 57 ಕಲೆಗಳವರೆಗೆ ಏರುತ್ತದೆ. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನವರಿಗೆ ಕಂಕಣವಾಗಿ ಕಂಡ ಗ್ರಹಣವು ಕಮಲಾಪುರ, ಕಲಬುರಗಿಗಳವರಿಗೆ ಖಂಡಗ್ರಹಣವಾದುದು ಲಂಬನದಿಂದಲೇ. ಇಲ್ಲಿ ‘ಭೂಕೇಂದ್ರೀಯ’ವೆಂಬುದು ಸರಿತಪ್ಪುಗಳ ಮಾತಲ್ಲ, ಅಳತೆಯ ಮಾತು.

ಆದಕಾರಣ ಗಣನೆಗೆ ‘ಭೂಕೇಂದ್ರೀಯ’ವನ್ನು ಉಳಿಸಿಕೊಂಡು, ಮತವನ್ನು ಹೇಳುವಾಗ ‘ಭೂಮಧ್ಯವಾದ’, ‘ಭೂಸ್ಥಿರವಾದ’ಗಳೆಂದು ಬೇರ್ಪಡಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಹಾಗಾದರೆ ಆರ್ಯಭಟನು ಮೊದಲನೆಯದಕ್ಕೆ ಸೇರುವನು, ಎರಡನೆಯದಕ್ಕೆ ಸೇರನು.