ಕೈ ಎತ್ತಿ ನೋಡಿ

ಚಿಕ್ಕಮಗಳೂರಿನ ಒಂದು ಬೊಟಿಕ್‌ನಲ್ಲಿ ಅಮ್ಮನಿಗೆ ಬ್ಲೌಸ್ ಹೊಲಿಸಿದೆ. ಟೇಪ್ ಹಿಡಿದು ಮೈಯೆಲ್ಲ ಅಳೆದ್ರು. ಕನ್ನಡಿ ಮುಂದೆ ನಿಂತಾಗ ಚೆನ್ನಾಗೇ ಕೂತಿತ್ತು, ನೆಕ್ ಡಿಸೈನಿಗೆ ಫುಲ್ ಮಾರ್ಕ್ಸ್. ಮನೆಗೆ ಬಂದು ಅಟ್ಟದ ಡಬ್ಬಕ್ಕೆ ಕೈ ಎತ್ತಿದ್ರೆ ಇಡೀ ಬ್ಲೌಸೇ ಮೇಲೆದ್ದು ಬಂತು. ಕಂಕುಳನ್ನ ಕೆಳಗಿಳಿಸಿ ಕತ್ತರಿಸಿದ್ರೆ ಆಗೋದೇ ಹಾಗೆ. ಬಿಚ್ಚಿ ಸಡಿಲ ಮಾಡಿಸೋಣ ಅಂದ್ರೆ ಒಳಗೆ ಮಾರ್ಜಿನ್ನೇ ಇಲ್ಲ. ಅಂಚಿಗೇ ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದಾರೆ.

ಮೂಡಿಗೆರೆ ಕಡೆಯ ನಮ್ಮ ಹಳೇ ಟೈಲರ್ ಅಳತೆಗೆ ಕೇಳ್ತಿದ್ದದ್ದು ಒಂದು ಹಳೇ ರವಿಕೆ ಮಾತ್ರ. ಆದ್ರೆ ಒಳಗೆ ಇಂಚು ಬಟ್ಟೆ ಬಿಡ್ತಿದ್ರು. ಡಿಸೆಂಬರಲ್ಲಿ ಕೊಂಬೆ ಬಗ್ಗಿಸಿ ಕಾಫಿ ಕುಯ್ಯೋ ಕೈಗಳಿಗೂ ಅವರೇ ಹೊಲಿದವರು. ಬೊಟಿಕ್ ಅಳೆದದ್ದು ನಿಂತ ಮೈಯನ್ನ; ಅವರು ಅಳೆದದ್ದು ಬದುಕೋ ಮೈಯನ್ನ.

ಟ್ರಯಲ್‌ನಲ್ಲಿ ಕೈ ಎತ್ತಿ. ಒಳಹೊಲಿಗೆ ತಿರುಗಿಸಿ ನೋಡಿ. ಆಮೇಲೆ ದುಡ್ಡು ಕೊಡಿ.